ಓಟು ಕೇಳೋಕೆ ಬಂದ ಕಾರ್ಪೊರೇಟರ್ ಕ್ಯಾಂಡಿಡೇಟನ್ನ ಏನು ಕೇಳಬೇಕು, ಹೇಗೆ ಕೇಳಬೇಕು

ಚುನಾವಣೆ ಹತ್ತಿರ ಬಂತು ಅಂದರೆ ಭಾನುವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಗೇಟು ಸದ್ದಾಗುತ್ತದೆ. ಹೊರಗೆ ಹತ್ತು ಹದಿನೈದು ಜನ, ಕತ್ತಿಗೆ ಶಾಲು, ಎಲ್ಲರ ಮುಂದೆ ಕೈ ಮುಗಿದುಕೊಂಡು ಕ್ಯಾಂಡಿಡೇಟು. "ಅಮ್ಮಾ, ನಿಮ್ಮ ಮನೆ ಮಗ ಅಂದ್ಕೊಳ್ಳಿ, ಆಶೀರ್ವಾದ ಮಾಡಿ." ಕೈಗೆ ಒಂದು ಪಾಂಪ್ಲೆಟ್ ಬರುತ್ತದೆ. ನಾವೂ ಕೈ ಮುಗಿದು "ಆಯ್ತಪ್ಪಾ, ಒಳ್ಳೆಯದಾಗಲಿ" ಅಂತೀವಿ. ಎರಡು ನಿಮಿಷ ಆಗಿರಲ್ಲ, ಅಷ್ಟರಲ್ಲಿ ಪಕ್ಕದ ಮನೆ ಗೇಟು ಸದ್ದಾಗುತ್ತದೆ.

ಆ ಎರಡು ನಿಮಿಷವನ್ನ ಸುಮ್ನೆ ಬಿಟ್ಟುಕೊಡಬೇಡಿ. ಊರಿನ ಕೆಲಸಗಳ ಬಗ್ಗೆ ಈ ಮನುಷ್ಯನಿಗೆ ನಿಜವಾಗಿ ಏನು ಗೊತ್ತು, ಏನು ಅಭಿಪ್ರಾಯ ಇದೆ ಅಂತ ತಿಳಿಯೋಕೆ ನಮಗೆ ಸಿಗೋದು ಅಷ್ಟೇ ಹೊತ್ತು. ಪಾಂಪ್ಲೆಟ್ ಓದಿದರೆ ಏನೂ ತಿಳಿಯಲ್ಲ, ಎಲ್ಲರದ್ದೂ ಒಂದೇ ಥರ ಇರುತ್ತೆ: ಒಳ್ಳೆ ರಸ್ತೆ, ಕುಡಿಯೋ ನೀರು, ಸ್ವಚ್ಛ ವಾರ್ಡ್. ಇದು ಬೇಡ ಅನ್ನೋರು ಯಾರಿದ್ದಾರೆ ಹೇಳಿ? ನಾನು ಬೆಂಗಳೂರಿನವಳು, ಆದ್ದರಿಂದ ಬೆಂಗಳೂರಿನ ಲೆಕ್ಕದಲ್ಲೇ ಬರೀತೀನಿ. ಬೇರೆ ಊರಿನವರು ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಇಲ್ಲಿನವರಿಗೆ ಇದು ಯಾಕೆ ಮುಖ್ಯ ಅಂತ ಮೊದಲು ಹೇಳಿಬಿಡ್ತೀನಿ. ಬಿಬಿಎಂಪಿಗೆ, ಅಂದರೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ, ಚುನಾವಣೆ ನಡೆದದ್ದು ಎರಡೇ ಸಲ, 2010ರಲ್ಲಿ ಮತ್ತು 2015ರ ಆಗಸ್ಟ್‌ನಲ್ಲಿ. 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಐದು ವರ್ಷ, ಅದು ಮುಗಿಯೋದರೊಳಗೆ ಮುಂದಿನ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ, 1993ರ ಜೂನ್‌ನಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯಲ್ಲಿ ಇದೆ. ಆದರೂ ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಊರು ನಡೆಯಿತು. ನನ್ನ ಅಕ್ಕನ ಮಗ 2015ರಲ್ಲಿ ಪಿಯುಸಿ ಓದುತ್ತಿದ್ದ, ಓಟಿನ ವಯಸ್ಸು ಆಗಿರಲಿಲ್ಲ. ಅವನು ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯೂ ಆದ, ಕಾರ್ಪೊರೇಟರ್‌ಗೆ ಮಾತ್ರ ಓಟು ಹಾಕಲಿಲ್ಲ. ನಿಮ್ಮ ಕಾರ್ಪೊರೇಟರ್ ಯಾರಪ್ಪಾ ಅಂದರೆ ಎಂಎಲ್‌ಎ ಹೆಸರು ಹೇಳ್ತಾನೆ. ತಪ್ಪು ಅವನದಲ್ಲ. ಒಂದು ಇಡೀ ಪೀಳಿಗೆಗೆ ಈ ಓಟು ಹೇಗೆ ಕೇಳಿಸಿಕೊಂಡು ಹಾಕಬೇಕು ಅನ್ನೋ ಅಭ್ಯಾಸವೇ ಆಗಿಲ್ಲ.

ಮೊದಲು ನಿಮ್ಮ ವಾರ್ಡ್ ಯಾವುದು ನೋಡಿಕೊಳ್ಳಿ

ಇದು ಚಿಕ್ಕ ಕೆಲಸ, ಆದರೆ ಬಿಡಬೇಡಿ. 2015ರಲ್ಲಿ 198 ವಾರ್ಡ್ ಇದ್ದವು. ಆಮೇಲೆ 243 ಅಂದರು, 225 ಅಂದರು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದೂ ಸೇರಿ 369 ವಾರ್ಡ್. ಅಂದರೆ ನಿಮ್ಮ ಹಳೇ ವಾರ್ಡಿನ ಹೆಸರು, ನಂಬರು, ಗಡಿ ಎಲ್ಲಾ ಬದಲಾಗಿರೋ ಸಾಧ್ಯತೆ ಜಾಸ್ತಿ. ನಮ್ಮ ಬೀದಿಯ ಎಡಗಡೆ ಸಾಲು ಒಂದು ವಾರ್ಡ್, ಬಲಗಡೆ ಸಾಲು ಇನ್ನೊಂದು ಅನ್ನೋ ಹಾಗೆ ಆಗಿದ್ದರೂ ಆಶ್ಚರ್ಯ ಇಲ್ಲ. ವಾರ್ಡ್ ನಕ್ಷೆ ತೆಗೆದು, ಮನೆ ಎಲ್ಲಿ ಬರುತ್ತೆ ನೋಡಿ, ಆಮೇಲೆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಮನೆಯ ಎಲ್ಲರ ಹೆಸರು ಇದೆಯಾ ನೋಡಿ. ಪಾಲಿಕೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ. ಲೋಕಸಭೆಗೆ ಓಟು ಹಾಕಿದ್ದೆ, ಇದರಲ್ಲೂ ಹೆಸರು ಇರುತ್ತೆ ಬಿಡು ಅಂತ ಕೂರಬೇಡಿ.

ಒಂದು ಚಪ್ಪಡಿಯ ಕಥೆ

ಈಗ ನಮ್ಮ ಬೀದಿಯಲ್ಲಿ ಆದ ಒಂದು ವಿಷಯ ಹೇಳ್ತೀನಿ, ಯಾಕಂದರೆ ನಾನು ಕೇಳೋ ಪ್ರಶ್ನೆಗಳೆಲ್ಲಾ ಇದರಿಂದಲೇ ಹುಟ್ಟಿದ್ದು.

ಮೂರನೇ ಮನೆ ಮುಂದೆ ಮೋರಿ ಮೇಲಿನ ಚಪ್ಪಡಿ ಮುರಿಯಿತು. ಪೂರ್ತಿ ಮುರಿದಿರಲಿಲ್ಲ, ಒಂದು ಮೂಲೆ ಕುಸಿದಿತ್ತು, ಒಳಗಿನ ಕಂಬಿ ಕಾಣುತ್ತಿತ್ತು. ಒಂದು ಸಂಜೆ ಕರೆಂಟ್ ಹೋದಾಗ ಆ ಮನೆ ತಾತ ಹಾಲು ತರೋಕೆ ಹೋಗಿ ಅಲ್ಲೇ ಕಾಲು ಸಿಕ್ಕಿಸಿಕೊಂಡರು. ಮೊಣಕಾಲ ಕೆಳಗೆ ಕಂಬಿ ತಾಗಿ ಆರು ಹೊಲಿಗೆ ಬಿತ್ತು. ಮಾರನೇ ದಿನವೇ ದೂರು ಕೊಟ್ಟೆವು. ಒಂದು ಕಚೇರಿಯವರು ಬಂದು ನೋಡಿ, ಮೋರಿಯಲ್ಲಿ ಹರೀತಾ ಇರೋದು ಕೊಳಚೆ ನೀರು, ಮ್ಯಾನ್‌ಹೋಲ್ ಕಟ್ಟಿಕೊಂಡಿದೆ, ಅದು ಸರಿಯಾಗದೆ ನಾವು ಚಪ್ಪಡಿ ಮುಟ್ಟಲ್ಲ ಅಂದರು. ಇನ್ನೊಂದು ಕಚೇರಿಯವರು ಬಂದು, ಮ್ಯಾನ್‌ಹೋಲ್ ನಮ್ಮದು ಸರಿ, ಆದರೆ ಅದರ ಮೇಲೆ ಯಾರೋ ಡಾಂಬರು ಹಾಕಿ ಮುಚ್ಚಿದ್ದಾರೆ, ಅವರು ತೆಗೆದುಕೊಟ್ಟರೆ ನಾವು ಇಳೀತೀವಿ ಅಂದರು. ಇಬ್ಬರೂ ಹೇಳಿದ್ದು ಸುಳ್ಳಲ್ಲ. ಇಬ್ಬರೂ ದೂರನ್ನ "ಪರಿಹರಿಸಲಾಗಿದೆ" ಅಂತ ಮುಚ್ಚಿದರು. ಎಂಟು ತಿಂಗಳು ಆ ಗುಂಡಿಗೆ ಒಂದು ಹಳೇ ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದೆವು.

ಕೊನೆಗೆ ಹೇಗೆ ಸರಿಯಾಯ್ತು ಗೊತ್ತಾ? ನಮ್ಮ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು ಎರಡೂ ಕಡೆಯ ಇಂಜಿನಿಯರ್‌ಗಳಿಗೆ ದಿನಾ ಫೋನ್ ಮಾಡಿ ಮಾಡಿ, ಒಂದು ಶನಿವಾರ ಬೆಳಗ್ಗೆ ಏಳೂವರೆಗೆ ಇಬ್ಬರನ್ನೂ ಒಂದೇ ಹೊತ್ತಿಗೆ ಆ ಚಪ್ಪಡಿ ಹತ್ತಿರ ನಿಲ್ಲಿಸಿದರು. ಕಾಫಿ ಕೊಟ್ಟರು. ಹತ್ತು ನಿಮಿಷ ಮಾತಾಯ್ತು. ನಾಲ್ಕು ದಿನದಲ್ಲಿ ಡಾಂಬರು ಒಡೆದು ಮ್ಯಾನ್‌ಹೋಲ್ ತೆಗೆದರು, ಒಳಚರಂಡಿ ತೊಳೆಯೋ ಜೆಟ್ಟಿಂಗ್ ಗಾಡಿ ಬಂತು, ಹೊಸ ಚಪ್ಪಡಿ ಬಿತ್ತು.

ಮೇಷ್ಟ್ರು ಮಾಡಿದ್ದು ಕಾರ್ಪೊರೇಟರ್ ಕೆಲಸ. ಬೇರೆ ಬೇರೆ ಇಲಾಖೆಯವರನ್ನ ಒಂದು ಜಾಗದಲ್ಲಿ, ಒಂದು ಹೊತ್ತಿಗೆ ನಿಲ್ಲಿಸೋದು. ಮೇಷ್ಟ್ರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ, ಆದ್ದರಿಂದ ಎಂಟು ತಿಂಗಳು ಹಿಡೀತು. ಅಧಿಕಾರ ಇರೋ ಒಬ್ಬರಿದ್ದಿದ್ದರೆ ಒಂದು ವಾರ.

ಯಾವುದು ಯಾರ ಕೈಯಲ್ಲಿದೆ

ಕ್ಯಾಂಡಿಡೇಟ್ ಮಾತು ಅಳೆಯೋಕೆ ನಿಮಗೆ ಇಷ್ಟು ಗೊತ್ತಿದ್ದರೆ ಸಾಕು. ಕಾವೇರಿ ನೀರು ಮತ್ತು ಒಳಚರಂಡಿ ಜಲಮಂಡಳಿಯದು, ಅಂದರೆ ಬಿಡಬ್ಲ್ಯುಎಸ್‌ಎಸ್‌ಬಿ. ಅದು 1964ರಿಂದ ಬೇರೆಯೇ ಮಂಡಳಿ, ರಾಜ್ಯ ಸರ್ಕಾರದ ಕೆಳಗೆ. ಕರೆಂಟು ಬೆಸ್ಕಾಂನದು, ಆದರೆ ಬೀದಿದೀಪ ಪಾಲಿಕೆಯದು. ಬಸ್ಸು ಬಿಎಂಟಿಸಿದು. ಸಿಗ್ನಲ್, ಒನ್‌ವೇ, ನೋ ಪಾರ್ಕಿಂಗ್ ಎಲ್ಲಾ ಟ್ರಾಫಿಕ್ ಪೊಲೀಸರದು. ಮೆಟ್ರೋ ಬೇರೆ. ಪಾಲಿಕೆಗೆ ಉಳಿಯೋದು ವಾರ್ಡಿನ ರಸ್ತೆ, ಫುಟ್‌ಪಾತ್, ಮಳೆನೀರಿನ ಮೋರಿ, ಕಸ, ಪಾರ್ಕು, ಬೀದಿದೀಪ, ಆಸ್ತಿ ತೆರಿಗೆ, ಖಾತಾ, ಕಟ್ಟಡದ ಪ್ಲಾನು, ಬೀದಿನಾಯಿ, ಜನನ ಮರಣದ ದಾಖಲೆಯ ಒಂದಷ್ಟು ಕೆಲಸ. ಇದರಲ್ಲೂ ಕಸಕ್ಕೆ ಬೇರೆ ಕಂಪನಿ ಇದೆ, ದೊಡ್ಡ ರಸ್ತೆಗೆ ಬೇರೆ ವಿಭಾಗ ಇದೆ.

ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳಿವೆ. ನೀರು ಸರಬರಾಜೂ ಅದರಲ್ಲಿದೆ, ನಗರ ಯೋಜನೆಯೂ ಇದೆ. ಬೆಂಗಳೂರಲ್ಲಿ ಮಾತ್ರ ಅವೆರಡೂ ಕಾರ್ಪೊರೇಟರ್ ಕೈಗೆ ನೇರವಾಗಿ ಬಂದಿಲ್ಲ. ಮೈಸೂರಲ್ಲಿ ಹಾಗಲ್ಲ, ಅಲ್ಲಿ ವಾಣಿ ವಿಲಾಸ ನೀರು ಸರಬರಾಜು ಪಾಲಿಕೆಯದೇ. ಆದ್ದರಿಂದ ಮೈಸೂರಿನ ಕ್ಯಾಂಡಿಡೇಟ್ ನೀರಿನ ಬಗ್ಗೆ ಭರವಸೆ ಕೊಟ್ಟರೆ ಅದಕ್ಕೆ ಅವರನ್ನ ಹಿಡಿದು ಕೇಳಬಹುದು. ಬೆಂಗಳೂರಿನವರು ಕೊಟ್ಟರೆ ಅದು ಬೇರೆಯವರ ಜೇಬಿನ ದುಡ್ಡು.

ಅದಕ್ಕೇ ನನ್ನ ಮೊದಲ ಪ್ರಶ್ನೆ ಯಾವಾಗಲೂ ನೀರಿನ ಬಗ್ಗೆ. "ನಮಗೆ ಕಾವೇರಿ ನೀರು ವಾರಕ್ಕೆ ಎರಡೇ ದಿನ ಬರೋದು, ಏನು ಮಾಡ್ತೀರಿ?" ಬಹಳ ಜನ "ಗೆದ್ದ ಮೂರು ತಿಂಗಳಲ್ಲಿ ದಿನಾ ನೀರು ಬಿಡಿಸ್ತೀನಿ ಅಮ್ಮಾ" ಅಂತಾರೆ. ಅಲ್ಲಿಗೆ ನನಗೆ ಅರ್ಧ ಗೊತ್ತಾಯ್ತು. ಗೊತ್ತಿರೋರು ಹೇಳೋದೇ ಬೇರೆ: "ನೀರು ಜಲಮಂಡಳಿಯದು ಅಮ್ಮಾ, ನನ್ನ ಕೈಯಲ್ಲಿಲ್ಲ. ನಾನು ಮಾಡಬಹುದಾದ್ದು ಅಂದರೆ ಈ ಏರಿಯಾದ ವಾಲ್ವ್ ಯಾವ ದಿನ ಯಾವ ಹೊತ್ತಿಗೆ ತಿರುಗಿಸ್ತಾರೆ ಅಂತ ಲಿಖಿತವಾಗಿ ಕೇಳಿ ಬೋರ್ಡ್ ಹಾಕಿಸೋದು, ಅವರ ಇಂಜಿನಿಯರನ್ನ ವಾರ್ಡ್ ಸಭೆಗೆ ಕರೆಸೋದು." ಈ ಉತ್ತರದಲ್ಲಿ ಸಿಹಿ ಕಡಿಮೆ, ಆದರೆ ಇದನ್ನ ಹೇಳೋರಿಗೆ ಕೆಲಸ ಗೊತ್ತಿದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕ್ಯೂ ನಿಂತ ಯಾರಿಗೂ ಸುಳ್ಳು ಭರವಸೆ ಬೇಕಾಗಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು, ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಊರಂಚಿನ 110 ಹಳ್ಳಿಗಳಿಗೆ. ನೀವು ಆ ಭಾಗದಲ್ಲಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಬೀದಿಯಲ್ಲಿ ಎಷ್ಟು ಮನೆ ಸಂಪರ್ಕ ತಗೊಂಡಿದೆ, ಉಳಿದವರು ಯಾಕೆ ತಗೊಂಡಿಲ್ಲ ಅಂತ ಕೇಳಿ. ಮನೆಮನೆ ತಿರುಗಿದ ಕ್ಯಾಂಡಿಡೇಟಿಗೆ ಗೊತ್ತಿರುತ್ತೆ.

ರಸ್ತೆ ಗುಂಡಿ ಕೇಳಬೇಡಿ, ಮೋರಿ ಕೇಳಿ

"ಗುಂಡಿ ಮುಚ್ಚಿಸ್ತೀರಾ?" ಅಂದರೆ ಮುಚ್ಚಿಸ್ತೀನಿ ಅಂತಾರೆ, ಅದರಿಂದ ಏನೂ ತಿಳಿಯಲ್ಲ. "ಈ ಗುಂಡಿ ಇಲ್ಲೇ ಯಾಕೆ ಮತ್ತೆ ಮತ್ತೆ ಬೀಳುತ್ತೆ?" ಅಂತ ಕೇಳಿ.

ಡಾಂಬರಿಗೆ ನೀರೇ ಶತ್ರು. ಮಳೆ ಬಂದಾಗ ನೀರು ರಸ್ತೆ ಮೇಲಿಂದ ಪಕ್ಕದ ಮೋರಿಗೆ ಇಳಿಯಬೇಕು. ಇಳಿಯೋ ಕಿಂಡಿಗೆ ಮಣ್ಣು, ಎಲೆ, ಚಾ ಕಪ್ಪು ಸಿಕ್ಕಿಕೊಂಡರೆ ನೀರು ರಸ್ತೆ ಮೇಲೇ ನಿಲ್ಲುತ್ತದೆ, ಬಿರುಕಿನಲ್ಲಿ ಇಳಿದು ಕೆಳಗಿನ ಜಲ್ಲಿ ಸಡಿಲ ಮಾಡುತ್ತದೆ, ಮೇಲೆ ಒಂದು ಟ್ಯಾಂಕರ್ ಹೋದರೆ ಕುಸಿಯುತ್ತದೆ. ಪ್ರತಿ ಸಲ ಹಳೇ ಡಾಂಬರು ಕೆರೆಯದೆ ಮೇಲೆ ಮೇಲೆ ಹಾಕಿದರೆ ರಸ್ತೆ ಎತ್ತರ ಆಗಿ ನೀರು ಮನೆ ಕಡೆ ತಿರುಗುತ್ತದೆ. ನಮ್ಮ ಬೀದಿಯಲ್ಲಿ ಹಳೇ ಮನೆಗಳ ಗೇಟು ರಸ್ತೆಗಿಂತ ಒಂದು ಮೆಟ್ಟಿಲು ಕೆಳಗೆ ಹೋಗಿದೆ, ಮೊದಲು ಮೇಲಿತ್ತು. ಗುಂಡಿ ಬಗ್ಗೆ ಕೇಳಿದಾಗ ಯಾರು ಮೋರಿ, ಕಿಂಡಿ, ಹೂಳು ಅಂತ ಮಾತಾಡ್ತಾರೋ ಅವರಿಗೆ ರಸ್ತೆ ಅರ್ಥ ಆಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಸರ್ಜಾಪುರ ರಸ್ತೆ ಕಡೆ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದವಲ್ಲ, ಅದೂ ಇದೇ ಕಥೆಯ ದೊಡ್ಡ ರೂಪ: ಕೆರೆಯಿಂದ ಕೆರೆಗೆ ಹೋಗೋ ರಾಜಕಾಲುವೆ ಕಿರಿದಾಗಿ, ಮುಚ್ಚಿ, ನೀರಿಗೆ ಹೋಗೋಕೆ ಜಾಗ ಇಲ್ಲದೆ ಹೋಯ್ತು. ನಿಮ್ಮ ವಾರ್ಡಿನಲ್ಲಿ ರಾಜಕಾಲುವೆ ಇದ್ದರೆ "ಒತ್ತುವರಿ ತೆರವು ಮಾಡೋಕೆ ಬಂದಾಗ ನೀವು ಯಾರ ಪಕ್ಕ ನಿಲ್ತೀರಿ?" ಅಂತ ಮುಖ ನೋಡಿಯೇ ಕೇಳಿ. ಕಷ್ಟದ ಪ್ರಶ್ನೆ ಅದು, ಯಾಕಂದರೆ ಅಲ್ಲಿ ಬಡವರ ಗುಡಿಸಲೂ ಇರುತ್ತೆ, ದೊಡ್ಡವರ ಕಾಂಪೌಂಡೂ ಇರುತ್ತೆ. ಉತ್ತರ ತಡವರಿಸಿದರೂ ಪರವಾಗಿಲ್ಲ, ಯೋಚನೆ ಮಾಡ್ತಿದ್ದಾರೆ ಅಂತಾಯ್ತು. ಜಾರಿಕೊಂಡರೆ ಬೇರೆ ಮಾತು.

ರಸ್ತೆ ವಿಷಯದಲ್ಲೇ ಇನ್ನೊಂದು. ಪಾಲಿಕೆಯ ಪ್ರತಿ ಕಾಮಗಾರಿಗೂ ಒಂದು ಜಾಬ್ ಕೋಡ್, ಅಂದರೆ ಆ ಕೆಲಸದ ಗುರುತಿನ ನಂಬರು, ಇರುತ್ತದೆ, ಅಳತೆ ಬರೆದ ಎಂಬಿ ಪುಸ್ತಕ ಇರುತ್ತದೆ, ಕೆಲಸ ಮುಗಿದ ಮೇಲೂ ಇಂತಿಷ್ಟು ಕಾಲ ಹಾಳಾದರೆ ಕಂಟ್ರಾಕ್ಟರೇ ಸರಿಮಾಡಿಕೊಡಬೇಕು ಅನ್ನೋ ಷರತ್ತು ಇರುತ್ತದೆ. ಹೀಗಿರುವಾಗ ಆ ಗುಂಡಿಗೆ ಮತ್ತೆ ನಮ್ಮ ದುಡ್ಡು ಯಾಕೆ? "ವಾರ್ಡಿನ ಪ್ರತಿ ಕೆಲಸದ ಜಾಬ್ ಕೋಡ್, ಕಂಟ್ರಾಕ್ಟರ್ ಹೆಸರು, ಮೊತ್ತ, ಈ ಷರತ್ತಿನ ಕೊನೇ ದಿನ, ಇಷ್ಟನ್ನೂ ಅದೇ ಬೀದಿಯಲ್ಲಿ ಬೋರ್ಡ್ ಬರೆಸ್ತೀರಾ?" ಹೌದು ಅಥವಾ ಇಲ್ಲ ಅನ್ನಲೇಬೇಕಾದ ಪ್ರಶ್ನೆ ಇದು. ಟೆಂಡರ್ ಬಗ್ಗೆಯೂ ಕೇಳಿ. ರಾಜ್ಯದಲ್ಲಿ ಟೆಂಡರ್ ಕರೆದೇ ಕೆಲಸ ಕೊಡಬೇಕು ಅಂತ 1999ರ ಪಾರದರ್ಶಕತೆ ಕಾಯ್ದೆ ಇದೆ, ಅದರಲ್ಲೇ 4(ಜಿ) ಅಂತ ವಿನಾಯಿತಿಯೂ ಇದೆ, ಅದರಡಿ ಟೆಂಡರ್ ಇಲ್ಲದೆ ಕೆಲಸ ಕೊಡಬಹುದು. "4(ಜಿ) ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಅಂತ ಒಮ್ಮೆ ಕೇಳಿ ನೋಡಿ. ಆ ಹೆಸರೇ ಕೇಳಿಲ್ಲದ ಕ್ಯಾಂಡಿಡೇಟ್ ಪಾಲಿಕೆ ದುಡ್ಡು ಹೇಗೆ ಹರಿಯುತ್ತೆ ಅಂತ ಇನ್ನೂ ಕಲೀಬೇಕು.

ಕಸ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಮಾತಾಡಿಸಿ

ನನ್ನ ಮಟ್ಟಿಗೆ ಕಸದ ಬಗ್ಗೆ ಒಬ್ಬರು ಹೇಗೆ ಮಾತಾಡ್ತಾರೆ ಅನ್ನೋದರಿಂದ ಅವರ ಮನಸ್ಸೇ ಗೊತ್ತಾಗುತ್ತೆ.

"ನಮ್ಮ ವಾರ್ಡಿನ ಕಸ ಕೊನೆಗೆ ಎಲ್ಲಿಗೆ ಹೋಗುತ್ತೆ?" ಅಂತ ಶುರು ಮಾಡಿ. ಇದು ಸುಮ್ನೆ ಕೇಳೋ ಪ್ರಶ್ನೆ ಅಲ್ಲ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ಅಲ್ಲಿನ ಜನ ನೀರು ಕೆಟ್ಟಿತು, ಬದುಕು ಕೆಟ್ಟಿತು ಅಂತ ಹೋರಾಡಿ 2012ರಲ್ಲಿ ನಿಲ್ಲಿಸಿದರು, ಆ ವರ್ಷ ಊರಿನ ಬೀದಿಬೀದಿಯಲ್ಲಿ ಕಸ ಕೊಳೆತಿದ್ದು ನೆನಪಿದೆ ಅಲ್ವಾ? ಆಮೇಲೆ ಮಂಡೂರಿಗೆ ಸುರಿದರು. ಅವರೂ ಬೀದಿಗಿಳಿದರು, 2014ರ ಕೊನೆಗೆ ಅದೂ ನಿಂತಿತು. ನಮ್ಮ ಮನೆ ಬುಟ್ಟಿ ಖಾಲಿಯಾದ ಮಾತ್ರಕ್ಕೆ ಕಸ ಹೋಯ್ತು ಅಂತಲ್ಲ, ಯಾವುದೋ ಹಳ್ಳಿಯವರ ಬಾವಿ ಪಕ್ಕ ಹೋಯ್ತು ಅಷ್ಟೇ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ ಒಂದು ಚೀಲ ಅಂತ ವಿಂಗಡಣೆ ಕಡ್ಡಾಯ ಮಾಡಿದ್ದು ಈ ಹಿನ್ನೆಲೆಯಲ್ಲಿ. ಕ್ಯಾಂಡಿಡೇಟ್‌ಗೆ ಈ ಎರಡು ಊರಿನ ಹೆಸರು ಗೊತ್ತಿದ್ದರೆ ನನಗೆ ಅವರ ಮೇಲೆ ಗೌರವ ಹುಟ್ಟುತ್ತೆ.

ಎರಡನೇದು, ಮೂಲೆಯ ಬ್ಲಾಕ್ ಸ್ಪಾಟ್, ಅಂದರೆ ಜನ ಕಸ ತಂದು ಸುರಿಯೋ ಜಾಗ. ಪ್ರತಿ ವಾರ್ಡಲ್ಲೂ ಇರುತ್ತೆ, ಟ್ರಾನ್ಸ್‌ಫಾರ್ಮರ್ ಪಕ್ಕ ಇಲ್ಲ ಖಾಲಿ ಸೈಟ್ ಮುಂದೆ. ಕ್ಯಾಂಡಿಡೇಟ್ "ಸಿಸಿಟಿವಿ ಹಾಕಿಸಿ ದಂಡ ಹಾಕಿಸ್ತೀನಿ" ಅಂತಾರೆ. ಹಾಕಿಸಲಿ. ಆದರೆ ಅಲ್ಲಿ ಕಸ ಹಾಕೋರು ಯಾರು ಅಂತ ಕೇಳಿ. ನಾನು ಒಂದು ವಾರ ಬೆಳಗ್ಗೆ ಆರಕ್ಕೆ ಬಾಲ್ಕನಿಯಿಂದ ನೋಡಿದೆ. ಪಿಜಿ ಹುಡುಗರು, ಅವರಿಗೆ ಕಸದ ಆಟೋ ಬರೋ ಹೊತ್ತಿಗೆ ಆಫೀಸ್ ಬಸ್ಸು ಬರುತ್ತೆ. ಮನೆಕೆಲಸಕ್ಕೆ ಹೋಗೋ ಅಕ್ಕಂದಿರು, ಐದೂವರೆಗೇ ಹೊರಡಬೇಕು. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕೋ ತಳ್ಳುಗಾಡಿ ಹೋಟೆಲಿನವರು. ಕೆಟ್ಟ ಜನ ಯಾರೂ ಅಲ್ಲ, ಕಸದ ಆಟೋ ಒಂದೇ ಹೊತ್ತಿಗೆ ಬರುತ್ತೆ, ಇವರು ಆ ಹೊತ್ತಿಗೆ ಮನೆಯಲ್ಲಿ ಇರಲ್ಲ. ಸಂಜೆ ಒಂದು ಸುತ್ತು ಆಟೋ ಬಂದರೆ ಅರ್ಧ ಬ್ಲಾಕ್ ಸ್ಪಾಟ್ ತಾನಾಗೇ ಹೋಗುತ್ತೆ. ಇಷ್ಟನ್ನ ಗಮನಿಸಿರೋ ಕ್ಯಾಂಡಿಡೇಟ್ ಸಿಕ್ಕರೆ ಒಳಗೆ ಕರೆದು ಕಾಫಿ ಕೊಡಿ.

ಮನೆಯಿಂದ ಹೊರಡೋ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಅದನ್ನ ವಾರ್ಡಿನೊಳಗೇ ಗೊಬ್ಬರ ಮಾಡೋಕೆ ಜಾಗ ಎಲ್ಲಿದೆ, ಒಣ ಕಸ ಸಂಗ್ರಹಣಾ ಕೇಂದ್ರ ಎಲ್ಲಿದೆ, ಅದನ್ನ ನಡೆಸೋರಿಗೆ ದುಡ್ಡು ಸರಿಯಾಗಿ ಬರ್ತಿದೆಯಾ ಅಂತಲೂ ಕೇಳಿ. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನಿವಾಸಿಗಳೇ ಸೇರಿ ಗೊಬ್ಬರ ಮಾಡೋದನ್ನ ಕಲಿಸೋ ಕೇಂದ್ರ ನಡೆಸಿದ್ದಾರೆ, ಹೋಗಿ ನೋಡಿದ್ದೀರಾ ಅಂತ ವಿಚಾರಿಸಿ. ಮತ್ತೆ ಪೌರಕಾರ್ಮಿಕರು. "ನಮ್ಮ ಬೀದಿ ಗುಡಿಸೋ ಅಮ್ಮನ ಹೆಸರೇನು?" ಅಂತ ನಾನು ಒಬ್ಬರನ್ನ ಕೇಳಿದ್ದೆ. ಅವರಿಗೆ ಗೊತ್ತಿರಲಿಲ್ಲ. ಜೊತೆಗೆ ಬಂದ ಹದಿನೈದು ಜನರಲ್ಲಿ ಒಬ್ಬ ಹುಡುಗನಿಗೆ ಗೊತ್ತಿತ್ತು, ಅವಳು ಅವನ ಚಿಕ್ಕಮ್ಮ. ಅವರು ಬಟ್ಟೆ ಬದಲಾಯಿಸೋಕೆ, ಶೌಚಾಲಯಕ್ಕೆ ಹೋಗೋಕೆ, ಊಟ ಮಾಡೋಕೆ ವಾರ್ಡಿನಲ್ಲಿ ಒಂದು ಕೋಣೆ ಇದೆಯಾ, ಇಲ್ಲದಿದ್ದರೆ ಮೊದಲ ವರ್ಷದಲ್ಲೇ ಮಾಡಿಸ್ತೀರಾ ಅನ್ನೋದನ್ನ ದಯವಿಟ್ಟು ಎಲ್ಲರೂ ಕೇಳಿ. ಇದಕ್ಕೆ ಕೋಟಿ ಬೇಡ.

ದುಡ್ಡು ಎಲ್ಲಿಂದ

ಆಸ್ತಿ ತೆರಿಗೆ ರಸೀದಿ ಕೈಯಲ್ಲಿ ಹಿಡಿದು ನಿಲ್ಲಿ, ಮಾತಿನ ಧಾಟಿಯೇ ಬದಲಾಗುತ್ತೆ. ಬಿಬಿಎಂಪಿ ಕಾಲದ ರಸೀದಿ ತೆಗೆದು ನೋಡಿದರೆ ತೆರಿಗೆ ಮೇಲೆ ಸೆಸ್ ಇರುತ್ತದೆ: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಅಂದರೆ 5,000 ರೂಪಾಯಿ ತೆರಿಗೆ ಕಟ್ಟೋ ಮನೆಯವರು ಅದರ ಮೇಲೆ 300 ರೂಪಾಯಿ ಬರೀ ಲೈಬ್ರರಿಗೇ ಕಟ್ಟಿದ್ದಾರೆ. ನಿಮ್ಮ ಏರಿಯಾದ ಲೈಬ್ರರಿಗೆ ಒಂದು ಸಲ ಹೋಗಿ, ಫ್ಯಾನು ತಿರುಗುತ್ತಾ, ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಮಕ್ಕಳಿಗೆ ಕುರ್ಚಿ ಸಾಕಾ ನೋಡಿಕೊಂಡು ಬನ್ನಿ, ಆಮೇಲೆ ಕ್ಯಾಂಡಿಡೇಟನ್ನ ಕೇಳಿ. ಲೈಬ್ರರಿ ನಡೆಸೋದು ಬೇರೆ ಇಲಾಖೆ, ಆದರೆ ಆ ದುಡ್ಡು ವಸೂಲಿ ಮಾಡೋದು ಪಾಲಿಕೆ.

ತೆರಿಗೆ ಏರಿಸಲ್ಲ ಅಂತಲೂ ಹೇಳಿ, ಎಲ್ಲಾ ರಸ್ತೆಗೂ ಕಾಂಕ್ರೀಟು ಅಂತಲೂ ಹೇಳಿದರೆ "ಇವೆರಡೂ ಒಟ್ಟಿಗೆ ಹೇಗಪ್ಪಾ?" ಅಂತ ಪ್ರೀತಿಯಿಂದಲೇ ಕೇಳಿ. ತೆರಿಗೆ ಕಟ್ಟದೇ ಇರೋ ಕಟ್ಟಡಗಳನ್ನ ಪಟ್ಟಿಗೆ ತರ್ತೀನಿ ಅಂದರೆ ಅದು ಒಂದು ಉತ್ತರ. ಸರ್ಕಾರದಿಂದ ಅನುದಾನ ತರ್ತೀನಿ ಅಂದರೆ ಯಾವ ಯೋಜನೆಯಿಂದ ಅಂತ ಕೇಳಿ. ನಮ್ಮ ಎಂಎಲ್‌ಎ ಸಾಹೇಬರು ಕೊಡ್ತಾರೆ ಅಂದರೆ, ಹಾಗಿದ್ದ ಮೇಲೆ ನೀವು ಯಾಕೆ ಬೇಕು ಅನ್ನೋ ಪ್ರಶ್ನೆ ಬರುತ್ತೆ.

ಸುಲಭವಾಗಿ ಚಪ್ಪಾಳೆ ಸಿಗೋ ಎರಡು ವಿಷಯ

ಬೀದಿನಾಯಿ. "ಎಲ್ಲಾ ನಾಯಿ ಹಿಡಿಸಿ ಊರಾಚೆ ಬಿಡಿಸ್ತೀನಿ" ಅನ್ನೋದು ಕಾರ್ಪೊರೇಟರ್ ಮಾಡೋಕಾಗದ ಕೆಲಸ. 2023ರ ಕೇಂದ್ರದ ನಿಯಮದ ಪ್ರಕಾರ ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಬೇಕು. ಸುಪ್ರೀಂ ಕೋರ್ಟ್ ಕೂಡ 2025ರಲ್ಲಿ ಇದರ ಬಗ್ಗೆ ಆದೇಶಗಳನ್ನ ಕೊಟ್ಟಿದೆ. ವಾರ್ಡಿನಲ್ಲಿ ವರ್ಷಕ್ಕೆ ಎಷ್ಟು ನಾಯಿಗೆ ಮಾಡಿಸ್ತೀರಿ, ಲೆಕ್ಕ ಯಾರಿಗೆ ಕೊಡ್ತೀರಿ ಅಂತ ಕೇಳಿ. ಮಕ್ಕಳಿರೋ ಮನೆಯವರ ಭಯ ನಿಜವಾದದ್ದು, ಅದಕ್ಕೆ ಲೆಕ್ಕ ಇರೋ ಉತ್ತರವೇ ಬೇಕು.

ಫುಟ್‌ಪಾತ್ ವ್ಯಾಪಾರಿಗಳು. ಒಂದು ಬೀದಿಯಲ್ಲಿ ತೆರವು ಮಾಡಿಸ್ತೀನಿ ಅಂತಾರೆ, ಪಕ್ಕದ ಬೀದಿಯಲ್ಲಿ ಅದೇ ಸೊಪ್ಪಿನ ಅಮ್ಮನಿಗೆ ನಿಮ್ಮನ್ನ ಯಾರೂ ಮುಟ್ಟಲ್ಲ ಅಂತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದಕ್ಕೆ ದಾರಿ ಹೇಳಿದೆ: ವ್ಯಾಪಾರಿಗಳ ಸರ್ವೆ, ಗುರುತಿನ ಚೀಟಿ, ವ್ಯಾಪಾರದ ಜಾಗ, ಇದನ್ನ ನೋಡಿಕೊಳ್ಳೋಕೆ ಒಂದು ಸಮಿತಿ, ಅದರಲ್ಲಿ ಕಡಿಮೆ ಅಂದರೂ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು. "ನಮ್ಮ ವಾರ್ಡಲ್ಲಿ ಜಾಗ ಎಲ್ಲಿ ಗುರುತು ಮಾಡ್ತೀರಿ, ನಡೆಯೋರಿಗೆ ಎಷ್ಟು ಅಗಲ ಬಿಡ್ತೀರಿ?" ಅಂತ ಜಾಗ ತೋರಿಸಿಯೇ ಕೇಳಿ.

ಹೇಗೆ ಕೇಳಬೇಕು

ಗೇಟಲ್ಲಿ ನಿಂತು ಇಷ್ಟೆಲ್ಲಾ ಕೇಳೋಕಾಗಲ್ಲ, ಗೊತ್ತು. ಆದ್ದರಿಂದ ಒಂದೇ ಕೆಲಸ ಮಾಡಿ. ನಿಮ್ಮ ಬೀದಿಯ ಒಂದು ಜಾಗ ಆರಿಸಿಕೊಳ್ಳಿ, ಮುರಿದ ಚಪ್ಪಡಿ, ಕಸದ ಮೂಲೆ, ನೀರು ನಿಲ್ಲೋ ತಿರುವು ಏನಾದರೂ ಸರಿ. "ಬನ್ನಿ, ಇಪ್ಪತ್ತು ಹೆಜ್ಜೆ ನನ್ನ ಜೊತೆ ಬನ್ನಿ" ಅಂತ ಕರಕೊಂಡು ಹೋಗಿ ಆ ಜಾಗದಲ್ಲಿ ನಿಲ್ಲಿಸಿ ಮೂರೇ ಪ್ರಶ್ನೆ ಕೇಳಿ. ಇದು ಯಾರ ಕೆಲಸ? ದುಡ್ಡು ಯಾವ ಲೆಕ್ಕದಿಂದ? ಗೆದ್ದ ಮೇಲೆ ಮೊದಲು ಯಾರಿಗೆ ಫೋನ್ ಮಾಡ್ತೀರಿ? ಮೂರನೇದಕ್ಕೆ "ಎಇಗೆ" ಅಂತ ಥಟ್ಟನೆ ಅಂದರೆ, ಅಂದರೆ ಪಾಲಿಕೆಯ ಸಹಾಯಕ ಇಂಜಿನಿಯರ್‌ಗೆ, ಅವರು ಮೊದಲೇ ಇಂಥ ಕೆಲಸಕ್ಕೆ ಓಡಾಡಿದ್ದಾರೆ ಅಂತ ತಿಳಿಯಿರಿ.

ಮೂರ್ನಾಲ್ಕು ಮನೆಯವರು ಸೇರಿಕೊಂಡರೆ ಇನ್ನೂ ಒಳ್ಳೆಯದು. ಕಿರುಚಾಡಬೇಡಿ, ವಿಡಿಯೋ ಮಾಡಿ ಹೆದರಿಸಬೇಡಿ. ಹಾಗೆ ಮಾಡಿದರೆ ಒಳ್ಳೆಯವರೂ ಬಾಯಿಪಾಠದ ಉತ್ತರ ಕೊಟ್ಟು ಹೊರಡ್ತಾರೆ.

ಕ್ಯಾಂಡಿಡೇಟ್ ಹೆಂಗಸಾಗಿದ್ದರೆ ಒಂದು ಮಾತು ವಿಶೇಷವಾಗಿ ನೆನಪಿಡಿ. ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸೀಟು ಮಹಿಳೆಯರಿಗೆ. ಎಷ್ಟೋ ಸಲ ಪ್ರಶ್ನೆ ಅವರಿಗೆ ಕೇಳಿದರೆ ಉತ್ತರ ಪಕ್ಕದಲ್ಲಿರೋ ಗಂಡನ ಬಾಯಿಂದ ಬರುತ್ತೆ. "ಅಣ್ಣಾ, ಒಂದು ನಿಮಿಷ, ಅಕ್ಕ ಹೇಳಲಿ" ಅಂತ ಮೆತ್ತಗೆ ಹೇಳಿ ಕಾಯಿರಿ. ಮೊದಲ ಅರ್ಧ ನಿಮಿಷ ಮೌನ ಇರುತ್ತೆ. ಆಮೇಲೆ ಅವರು ಮಾತಾಡ್ತಾರೆ, ಮತ್ತು ನೀರು, ಕಸ, ಕತ್ತಲ ಬೀದಿ ಬಗ್ಗೆ ಅವರಿಗೆ ಗೊತ್ತಿರೋದು ಗಂಡನಿಗೆ ಗೊತ್ತಿರೋದಕ್ಕಿಂತ ಜಾಸ್ತಿ ಇರುತ್ತೆ. ನಾನು ಕಣ್ಣಾರೆ ನೋಡಿದ್ದೀನಿ.

ಮನೆಗೆ ಬಂದ ಮೇಲೆ ಅಫಿಡವಿಟ್ ಓದಿ. ನಾಮಪತ್ರದ ಜೊತೆ ಆಸ್ತಿ, ಸಾಲ, ಓದು, ಅವರ ಮೇಲಿರೋ ಕೇಸು ಎಲ್ಲಾ ಬರೆದುಕೊಡಲೇಬೇಕು. ಪಾಲಿಕೆಯ ಗುತ್ತಿಗೆಯಲ್ಲಿ ಪಾಲಿರೋರು ಸದಸ್ಯರಾಗಿ ಇರುವಂತಿಲ್ಲ ಅನ್ನೋದು ನಮ್ಮ ಪಾಲಿಕೆ ಕಾನೂನಲ್ಲಿ ಹಳೇ ನಿಯಮ. ಅದಕ್ಕೇ ಮನೆಯವರು, ತಮ್ಮಂದಿರು ಏನು ಕೆಲಸ ಮಾಡ್ತಾರೆ ಅಂತ ಏರಿಯಾದಲ್ಲಿ ವಿಚಾರಿಸಿ.

ವಾರ್ಡ್ ಸಮಿತಿ ಬಗ್ಗೆ ಕೇಳದೆ ಬಿಡಬೇಡಿ

ಎಲ್ಲಾ ಪ್ರಶ್ನೆ ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ. ಬಿಬಿಎಂಪಿ ಕಾಲದಲ್ಲಿ ಪ್ರತಿ ವಾರ್ಡಿಗೂ ಒಂದು ಸಮಿತಿ ಇರಬೇಕಿತ್ತು, ಕಾರ್ಪೊರೇಟರ್ ಅಧ್ಯಕ್ಷರು, ನಿವಾಸಿಗಳು ಸದಸ್ಯರು, ಮಹಿಳೆಯರಿಗೆ, ಪರಿಶಿಷ್ಟರಿಗೆ ಜಾಗ. ತಿಂಗಳಿಗೊಮ್ಮೆ ಸಭೆ. ಕಾಗದದಲ್ಲಿದ್ದ ಇದನ್ನ ಜಾರಿಗೆ ತರಿಸೋಕೆ ಜನ ಕೋರ್ಟ್ ಹತ್ತಬೇಕಾಯ್ತು. ಸಭೆ ಶುರುವಾದ ಕಡೆ ನಾನೂ ಹೋಗಿ ಕೂತಿದ್ದೀನಿ. ಒಂದು ಸಣ್ಣ ಕೋಣೆ, ಹತ್ತು ಕುರ್ಚಿ, ಇಂಜಿನಿಯರ್ ಎದುರಿಗೆ ಹೋದ ತಿಂಗಳು ಬರೆದುಕೊಂಡಿದ್ದ ಹಾಳೆ. "ಇದು ಆಯ್ತಾ? ಆಗಿಲ್ಲ. ಯಾಕೆ ಆಗಿಲ್ಲ?" ಅಷ್ಟೇ ಸಭೆ. ಅಷ್ಟಕ್ಕೇ ನಾಲ್ಕು ಬೀದಿದೀಪ ಹತ್ತಿಕೊಂಡವು.

"ಗೆದ್ದ ಮೇಲೆ ತಿಂಗಳಿಗೊಂದು ಸಭೆ ಯಾವ ದಿನ, ಯಾವ ಹೊತ್ತು, ಎಲ್ಲಿ ಅಂತ ಈಗಲೇ ಹೇಳಿ. ಸಮಿತಿಗೆ ನಿಮ್ಮ ಪಕ್ಷದವರನ್ನ ಮಾತ್ರ ಹಾಕಲ್ಲ ಅಂತಲೂ ಹೇಳಿ. ಜಲಮಂಡಳಿ, ಬೆಸ್ಕಾಂ, ಟ್ರಾಫಿಕ್‌ನವರನ್ನೂ ಕರೆಸ್ತೀರಾ?" ಇದಕ್ಕೆ ತಾರೀಖು ಸಮೇತ ಉತ್ತರ ಕೊಡೋರಿಗೆ ನನ್ನ ಓಟು ಹತ್ತಿರ ಆಗುತ್ತೆ, ಪಕ್ಷ ಯಾವುದೇ ಇರಲಿ.

ಅಲ್ಲಿವರೆಗೆ ದೂರು ಕೊಡೋದನ್ನ ನಿಲ್ಲಿಸಬೇಡಿ. ಪಾಲಿಕೆ ಕೆಲಸಕ್ಕೆ 1533, ನೀರು ಒಳಚರಂಡಿಗೆ 1916, ಕರೆಂಟಿಗೆ 1912. ದೂರಿನ ನಂಬರ್ ಬರೆದಿಡಿ. ಕ್ಯಾಂಡಿಡೇಟ್ ಬಂದಾಗ ಬರೀ ಬೇಜಾರು ಹೇಳಿಕೊಳ್ಳೋದಕ್ಕಿಂತ ಆರು ತಿಂಗಳ ನಂಬರ್‌ಗಳ ಚೀಟಿ ಮುಂದಿಡಿ, ಅವರಿಗೂ ಅದರಿಂದ ಉಪಯೋಗ.

ಕೊನೇದಾಗಿ ಆ ಪಾಂಪ್ಲೆಟ್. ಎಸೀಬೇಡಿ. ಅದರ ಹಿಂದಿನ ಖಾಲಿ ಜಾಗದಲ್ಲಿ ತಾರೀಖು ಹಾಕಿ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರೆಯಿರಿ: "ಚಪ್ಪಡಿ, ಎಇ, ಮೊದಲ ತಿಂಗಳು" ಹೀಗೆ ನಾಲ್ಕು ಪದ. ಆಮೇಲೆ ತೆರಿಗೆ ರಸೀದಿ ಇಡೋ ಫೈಲಿಗೇ ಸೇರಿಸಿ. ಗೆದ್ದವರ ಪಾಂಪ್ಲೆಟನ್ನ ಮೊದಲ ವಾರ್ಡ್ ಸಭೆಗೆ ತಗೊಂಡು ಹೋಗಿ ಮೇಜಿನ ಮೇಲೆ ಬರಹ ಮೇಲಾಗಿ ಇಡಿ. ಸೋತವರದ್ದನ್ನೂ ಇಟ್ಟುಕೊಳ್ಳಿ, ಒಳ್ಳೆ ಉತ್ತರ ಕೊಟ್ಟು ಸೋತವರನ್ನ ಆ ಸಮಿತಿಗೆ ಸದಸ್ಯರಾಗಿ ಅಂತ ನೀವೇ ಹೋಗಿ ಕರೆಯಬಹುದು.